ಆದವಾನಿಯಿಂದ ಬಿಕಾನೇರ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ಜನವರಿಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮಗ ನಾಲ್ಕೂ ಜನ ರಾಜಸ್ಥಾನದ ಬಿಕಾನೇರ್‌ಗೆ ಹೋಗಿ ಬಂದೆವು. ಆವತ್ತಿನಿಂದ ಮದುವೆ ಮನೆ, ತರಕಾರಿ ಮಾರ್ಕೆಟ್ಟು, ಬಸ್ ಸ್ಟ್ಯಾಂಡು, ಎಲ್ಲಿ ಸಿಕ್ಕರೂ ಅವೇ ಪ್ರಶ್ನೆ. ಎಲ್ಲರಿಗೂ ಬೇರೆಬೇರೆ ಹೇಳೋ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಆದವಾನಿ, ಆಲೂರು, ಮಂತ್ರಾಲಯ, ರಾಯದುರ್ಗ ಕಡೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಬಳ್ಳಾರಿ, ರಾಯಚೂರಿನವರಿಗೂ ಹೆಚ್ಚು ಕಡಿಮೆ ಹೊಂದುತ್ತದೆ.

ನಮ್ಮೂರಲ್ಲೇ ಬೇಕಾದಷ್ಟು ಬಿಸಿಲಿದೆ. ದುಡ್ಡು ಕೊಟ್ಟು ಮರುಭೂಮಿಗೆ ಯಾಕೆ ಹೋಗಬೇಕು?

ಎಲ್ಲರೂ ಮೊದಲು ಕೇಳೋದು ಇದನ್ನೇ. ಏಪ್ರಿಲ್ ಮಧ್ಯಾಹ್ನ ಆದವಾನಿ ಬಜಾರಿನಲ್ಲಿ ನಡೆದವರಿಗೆ ಬಿಸಿಲು ತೋರಿಸೋಕೆ ರಾಜಸ್ಥಾನ ಬೇಕಿಲ್ಲ, ನಿಜ. ನನಗೆ ನೋಡಬೇಕಾಗಿದ್ದು ಅಲ್ಲಿನವರ ನೀರಿನ ಲೆಕ್ಕ. ವರ್ಷಕ್ಕೆ 300 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಜಾಗದಲ್ಲಿ ಐನೂರು ವರ್ಷದಿಂದ ಒಂದು ದೊಡ್ಡ ಊರು ನಿಂತಿದೆ. ಅರಮನೆ, ಹವೇಲಿ, ಗ್ರಂಥಾಲಯ, ಮಿಠಾಯಿ ಅಂಗಡಿ ಎಲ್ಲ ಮಾಡಿಕೊಂಡಿದೆ. ನಲ್ಲಿಯಲ್ಲಿ ಯಾವತ್ತು ನೀರು ಬರುತ್ತೆ ಅಂತ ಕಾದು ಬೆಳೆದ ನಮ್ಮಂಥವರಿಗೆ ಆ ಊರು ಬೇಗ ಅರ್ಥವಾಗುತ್ತದೆ. ಮಳೆನಾಡಿನವರು ಅಲ್ಲಿ ಒಂಟೆ ನೋಡಿ ಬರುತ್ತಾರೆ. ನಾವು ಅಂಗಳದ ತೊಟ್ಟಿ ನೋಡುತ್ತೇವೆ.

ಜೈಸಲ್ಮೇರ್, ಉದಯಪುರ ಬಿಟ್ಟು ಬಿಕಾನೇರ್ ಯಾಕೆ?

ಅವೂ ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೈಸಲ್ಮೇರ್ ಕೋಟೆಯಲ್ಲಿ ಎರಡು ಹೆಜ್ಜೆಗೊಬ್ಬರು 'ಸಫಾರಿ ಬೇಕಾ' ಅಂತ ಬೆನ್ನು ಹತ್ತುತ್ತಾರೆ. ಬಿಕಾನೇರ್‌ನಲ್ಲಿ ಆ ಕಾಟ ಕಡಿಮೆ. ಅದು ಪ್ರವಾಸಿಗರನ್ನು ನಂಬಿ ಬದುಕುವ ಊರಲ್ಲ. ಉಣ್ಣೆ ಮಂಡಿ, ಭುಜಿಯಾ ಕಾರ್ಖಾನೆ, ಬಟ್ಟೆ ಅಂಗಡಿ ಅಂತ ತನ್ನ ಪಾಡಿಗೆ ತಾನು ದುಡಿಯುತ್ತಿರುತ್ತದೆ. ಹತ್ತಿ ಮಂಡಿಯ ನಮ್ಮೂರಿನ ಹಾಗೇ. ಜೈಪುರ, ಜೋಧಪುರ ನೋಡಿ ಜೈಸಲ್ಮೇರ್‌ಗೆ ಹೋಗುವವರು ಹೆಚ್ಚಿನವರು ಇದನ್ನು ಬಿಟ್ಟೇ ಹೋಗುತ್ತಾರೆ. ಉಳಿದವರು ಒಂದು ರಾತ್ರಿ ಮಲಗಿ, ಬೆಳಿಗ್ಗೆ ಇಲಿ ಗುಡಿ ನೋಡಿ ಓಡುತ್ತಾರೆ.

ಬಿಕಾನೇರ್ ರಾಜ ನಮ್ಮ ಆದವಾನಿಯಲ್ಲಿ ತೀರಿಕೊಂಡಿದ್ದ ಅಂತೀರಲ್ಲ, ನಿಜವಾ?

ನಿಜ. ನಾನು ಟಿಕೆಟ್ ಮಾಡಿಸಿದ್ದೇ ಈ ಕಾರಣಕ್ಕೆ. ಸ್ವಲ್ಪ ಉದ್ದ ಹೇಳುತ್ತೇನೆ.

ನಮ್ಮ ಬೆಟ್ಟದ ಕೋಟೆ ಬಿಜಾಪುರದ ಸಿದ್ದಿ ಮಸೂದ್ ಖಾನನ ಕೈಯಲ್ಲಿತ್ತು. ನಮ್ಮೂರ ಜಾಮಿಯಾ ಮಸೀದಿ ಕಟ್ಟಿಸಿದ್ದು ಅವನೇ. 1680ರ ದಶಕದ ಕೊನೆಯಲ್ಲಿ ಔರಂಗಜೇಬನ ಸೈನ್ಯ ಬಂದು ಕೋಟೆ ಹಿಡಿಯಿತು. ಆದವಾನಿಗೆ ಇಮ್ತಿಯಾಜ್‌ಗಢ ಅಂತ ಹೊಸ ಹೆಸರಿಟ್ಟರು. ಆ ಹೆಸರು ನಮ್ಮ ಜನರ ಬಾಯಲ್ಲಿ ನಿಲ್ಲಲಿಲ್ಲ ಬಿಡಿ. ಮೊಗಲರ ಕಡೆಯಿಂದ ಇಲ್ಲಿನ ಆಡಳಿತ ನೋಡಿಕೊಳ್ಳಲು ಬಂದವರಲ್ಲಿ ಒಬ್ಬ ಬಿಕಾನೇರ್‌ನ ರಾಜ ಅನೂಪ್ ಸಿಂಗ್. ಬಿಜಾಪುರ, ಗೋಲ್ಕೊಂಡ ಯುದ್ಧಗಳಲ್ಲಿ ಇದ್ದವನು. ಅವನ ಅಪ್ಪ ಕರಣ್ ಸಿಂಗ್ ಔರಂಗಾಬಾದಿನಲ್ಲಿ ತೀರಿಕೊಂಡ. ಮಗ 1698ರಲ್ಲಿ ನಮ್ಮ ಆದವಾನಿಯಲ್ಲಿ ಕಣ್ಣು ಮುಚ್ಚಿದ. ಮರುಭೂಮಿಯಲ್ಲಿ ಹುಟ್ಟಿ, ಆಳ್ವಿಕೆಯ ಬಹುಪಾಲು ದಖನ್ನಿನ ಡೇರೆಯಲ್ಲಿ ಕಳೆದು, ನಮ್ಮ ಕರಿಕಲ್ಲಿನ ಬೆಟ್ಟಗಳ ನಡುವೆ ಸತ್ತ ಮನುಷ್ಯ.

ಅವನು ಇಲ್ಲಿಂದ ಊರಿಗೆ ಏನು ಕಳಿಸಿದ ಅನ್ನೋದು ಇನ್ನೂ ಸ್ವಾರಸ್ಯ. ಪುಸ್ತಕಗಳು ಮತ್ತು ದೇವರುಗಳು. ಯುದ್ಧದ ಗದ್ದಲದಲ್ಲಿ ಹಾಳಾಗಿ ಹೋಗುತ್ತಿದ್ದ ಸಂಸ್ಕೃತ ಹಸ್ತಪ್ರತಿಗಳನ್ನು ಕೂಡಿಸಿ ಬಿಕಾನೇರ್‌ಗೆ ಸಾಗಿಸಿದ. ಇವತ್ತಿನ ಅನೂಪ್ ಸಂಸ್ಕೃತ ಗ್ರಂಥಾಲಯಕ್ಕೆ ಅವನ ಹೆಸರು ಬಂದದ್ದು ಹಾಗೆ. ಲೋಹದ ದೇವರ ಮೂರ್ತಿಗಳನ್ನೂ ದಕ್ಷಿಣದಿಂದ ಒಯ್ದ. ಅವಕ್ಕೆ ಅಲ್ಲಿನ ಕೋಟೆಯೊಳಗೆ ಒಂದು ಗುಡಿ ಇದೆ. ಮೂವತ್ಮೂರು ಕೋಟಿ ದೇವತೆಗಳ ಗುಡಿ ಅಂತಲೇ ಹೆಸರು. ನಾವು ಹೋದ ದಿನ ಬಾಗಿಲು ಹಾಕಿತ್ತು. ಅತ್ತೆ ಹೊಸ್ತಿಲ ಆಚೆಯಿಂದಲೇ ಕೈ ಮುಗಿದು, "ನಮ್ಮ ಕಡೆ ದೇವರೂ ಇರ್ತಾವವ್ವಾ ಒಳಗ" ಅಂದರು.

ಹೋಗೋದು ಹೇಗೆ?

ಆದವಾನಿಯಿಂದ ನೇರ ರೈಲಿಲ್ಲ. ಎರಡು ದಾರಿ ಇವೆ.

ಒಂದು, ಗುಂತಕಲ್, ಬಳ್ಳಾರಿ ಮೇಲೆ ಹುಬ್ಬಳ್ಳಿಗೆ ಹೋಗಿ ಅಲ್ಲಿ ಯಶವಂತಪುರ-ಬಿಕಾನೇರ್ ಎಕ್ಸ್‌ಪ್ರೆಸ್ ಹಿಡಿಯೋದು. ಅದು ಬೆಳಗಾವಿ, ಪುಣೆ, ಅಹಮದಾಬಾದ್, ಜೋಧಪುರ ಮೇಲೆ ಹೋಗುತ್ತದೆ. ದಿನಾ ಇಲ್ಲ, ವಾರಕ್ಕೆ ಎರಡು ಸಲ. ಇನ್ನೊಂದು, ನಮ್ಮ ಸ್ಟೇಷನ್ನಿನಲ್ಲೇ ಚೆನ್ನೈ-ಮುಂಬೈ ಲೈನಿನ ಗಾಡಿ ಹತ್ತಿ ಮುಂಬೈಗೆ ಹೋಗಿ, ಅಲ್ಲಿಂದ ರಣಕ್‌ಪುರ್ ಎಕ್ಸ್‌ಪ್ರೆಸ್. ವಯಸ್ಸಾದವರಿದ್ದರೆ ಮೊದಲನೆಯದೇ ವಾಸಿ. ಮುಂಬೈಯಲ್ಲಿ ಗಂಟುಮೂಟೆ ಹೊತ್ತು ಸ್ಟೇಷನ್ ಬದಲಿಸೋದು ಸಣ್ಣ ಕೆಲಸ ಅಲ್ಲ.

ಬೇಕಾದರೆ ಜೋಧಪುರದಲ್ಲಿ ಎರಡು ದಿನ ಇಳಿದು ಮುಂದೆ ಹೋಗಬಹುದು. ಅಲ್ಲಿಂದ ಬಿಕಾನೇರ್ ಸುಮಾರು 250 ಕಿಲೋಮೀಟರ್. ವಿಮಾನ ಬೇಕೆಂದರೆ ಊರ ಹತ್ತಿರ ನಾಲ್ ಅನ್ನೋ ಕಡೆ ನಿಲ್ದಾಣ ಇದೆ. ಅಲ್ಲಿಗೆ ಬರೋ ವಿಮಾನಗಳು ಬೆರಳೆಣಿಕೆ. ಡಿಸೆಂಬರ್, ಜನವರಿಯಲ್ಲಿ ಆ ಕಡೆ ಮಂಜು ಬಿದ್ದರೆ ರೈಲು ತಡವಾಗುತ್ತದೆ. ನಮ್ಮದು ನಾಲ್ಕು ತಾಸು ತಡವಾಗಿತ್ತು. ಮನೆಯಿಂದ ಕಟ್ಟಿಕೊಂಡು ಹೋದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಆವತ್ತು ಕಾಪಾಡಿತು.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ. ಮೇ, ಜೂನ್‌ನಲ್ಲಿ 45 ಡಿಗ್ರಿ ದಾಟುತ್ತದೆ, ಮೇಲೆ ಧೂಳಿನ ಬಿರುಗಾಳಿ.

ನಮ್ಮವರು ಎಡವೋದು ಚಳಿಯ ವಿಷಯದಲ್ಲಿ. ಮರುಭೂಮಿ ಅಂದರೆ ಸೆಕೆ ಅಂದುಕೊಂಡು ಹತ್ತಿ ಸೀರೆ, ತೆಳು ಶರ್ಟು ತುಂಬಿಕೊಂಡು ಹೊರಡುತ್ತಾರೆ. ಜನವರಿ ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ಮರಳು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳೋದಿಲ್ಲ, ಮೋಡವೂ ಇರೋದಿಲ್ಲ, ಸೂರ್ಯ ಮುಳುಗಿದ ಕೂಡಲೇ ಶಾಖ ಎಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಮನೆಯಲ್ಲಿ ಸ್ವೆಟರ್ ಇಲ್ಲದಿದ್ದರೆ ಇಲ್ಲೇ ಕೊಳ್ಳಬೇಡಿ. ಅಲ್ಲಿ ಹಳೇ ಊರಿನ ಹೆಬ್ಬಾಗಿಲು ಕೋಟ್ ಗೇಟ್ ಬಳಿ ಉಣ್ಣೆ ಬಟ್ಟೆ ಸಿಗುತ್ತದೆ, ಉಣ್ಣೆ ಅವರ ವ್ಯಾಪಾರವೇ ಅಲ್ವಾ.

ಎಷ್ಟು ದಿನ ಬೇಕು?

ಮೂರು ದಿನ. ಎರಡು ದಿನದಲ್ಲೂ ಮುಗಿಸಬಹುದು, ಆದರೆ ಹಳೇ ಊರಿನ ಗಲ್ಲಿಗಳನ್ನು ಓಡುತ್ತಾ ನೋಡಬೇಕಾಗುತ್ತದೆ.

ಜುನಾಗಢ ಕೋಟೆಯಲ್ಲಿ ಏನೇನು ನೋಡಬೇಕು? ಮಂಡಿ ನೋವಿರುವವರು ಹತ್ತಬಹುದಾ?

ಹತ್ತೋ ಪ್ರಶ್ನೆಯೇ ಕಡಿಮೆ. ನಮ್ಮ ಕೋಟೆಗೆ ಬೆಟ್ಟ ಏರಬೇಕು, ಅಲ್ಲಿನದು ಬಟ್ಟಬಯಲಲ್ಲಿದೆ. ರಾಜಾ ರಾಯ್ ಸಿಂಗ್ 1589ರಿಂದ 1594ರವರೆಗೆ ಕಟ್ಟಿಸಿದ್ದು. ಬೆಟ್ಟ ಇಲ್ಲದ್ದಕ್ಕೆ ಸುತ್ತ ಕಂದಕ ತೋಡಿ, 37 ಬುರುಜು ಎಬ್ಬಿಸಿದ್ದಾರೆ. ಒಳಗೆ ಮೆಟ್ಟಿಲುಗಳಿವೆ, ಕೆಲವು ಕಿರಿದು, ಮಬ್ಬುಗತ್ತಲು. ಅತ್ತೆ ನಿಧಾನವಾಗಿ ಎಲ್ಲ ನೋಡಿದರು.

ಬಾಗಿಲು ದಾಟುವಾಗ ದೌಲತ್ ಪೋಲ್ ಗೋಡೆಯಲ್ಲಿ ಕೆಂಪು ಕೈಗುರುತುಗಳಿವೆ. ಸತಿ ಹೋದ ರಾಣಿಯರದು. ಗೈಡುಗಳು ಹೆಮ್ಮೆಯಿಂದ ತೋರಿಸುತ್ತಾರೆ. ಒಂದು ಕೈ ನನ್ನ ಕೈಗಿಂತ ಸಣ್ಣದಿತ್ತು. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲೋಕಾಗಲಿಲ್ಲ.

ಅನೂಪ್ ಮಹಲ್ ನಮ್ಮ ಅನೂಪ್ ಸಿಂಗನ ಹೆಸರಿನದು. ಕೆಂಪು ಅರಗಿನ ಬಣ್ಣ, ಅದರ ಮೇಲೆ ಚಿನ್ನದ ರೇಕು, ನಡುನಡುವೆ ಕನ್ನಡಿ ಚೂರು. ಕರಣ್ ಮಹಲ್ ಅವನು ಅಪ್ಪನ ನೆನಪಿಗೆ ಕಟ್ಟಿಸಿದ್ದು. ಚಂದ್ರ ಮಹಲ್‌ನಲ್ಲಿ ಕನ್ನಡಿಗಳನ್ನು ಹೇಗೆ ಕೂರಿಸಿದ್ದಾರೆಂದರೆ ಹಾಸಿಗೆಯಲ್ಲಿ ಮಲಗಿದ ರಾಜನಿಗೆ ಬಾಗಿಲಲ್ಲಿ ಯಾರು ಬಂದರೂ ಕಾಣುತ್ತಿತ್ತಂತೆ. ಮಂಚವೂ ಗಿಡ್ಡ. ಕಾಲು ನೆಲಕ್ಕೆ ತಾಗುತ್ತಿರಬೇಕು, ಶತ್ರು ಬಂದರೆ ತಟ್ಟನೆ ಎದ್ದು ನಿಲ್ಲಬೇಕು ಅಂತ ಗೈಡ್ ಕಥೆ ಹೇಳಿದ. ರಾಜ ಆದರೂ ನಿದ್ದೆ ಇಲ್ಲ ಪಾಪ ಅನಿಸಿತು.

ಇದನ್ನೆಲ್ಲ ಮರೆತರೂ ಬಾದಲ್ ಮಹಲ್ ಮರೆಯೋದಿಲ್ಲ. ಬಾದಲ್ ಅಂದರೆ ಮೋಡ. ಗೋಡೆ ತುಂಬ ನೀಲಿ ಮೋಡಗಳು, ಸುರುಳಿ ಸುರುಳಿಯಾಗಿ, ಒಂದರ ಮೇಲೊಂದು. ನಡುವೆ ಹಾವಿನ ಹಾಗೆ ಹರಿಯುವ ಮಿಂಚು. ಕೆಳಗೆ ಸಣ್ಣ ಸಣ್ಣ ಗೆರೆಗಳಲ್ಲಿ ಮಳೆ. ಮಳೆಯನ್ನೇ ನೋಡದೆ ಬೆಳೆದ ಅರಮನೆಯ ಮಕ್ಕಳು ಮೊದಲ ಗುಡುಗಿಗೆ ಹೆದರದಿರಲಿ ಅಂತ ಈ ಕೋಣೆಯಲ್ಲಿ ಬಿಡುತ್ತಿದ್ದರಂತೆ. ಇದೂ ಗೈಡ್ ಹೇಳಿದ್ದೇ. ಇದು ಕಥೆಯೇ ಇರಬಹುದು. ಆದರೆ ಕಪ್ಪೆ ಮದುವೆ ಮಾಡಿಸಿ, ಗುರ್ಜಿ ಹೊತ್ತು ಮನೆಮನೆ ತಿರುಗಿದ ನಮ್ಮ ಜನಕ್ಕೆ ಆ ಗೋಡೆ ಬರೆಸಿದವನ ಮನಸ್ಸು ಗೊತ್ತಾಗುತ್ತದೆ. ನಮ್ಮ ಯಜಮಾನರು ಆ ಕೋಣೆಯಲ್ಲಿ ಫೋನು ಜೇಬಿಗಿಟ್ಟುಕೊಂಡು ಸುಮ್ನೆ ನಿಂತಿದ್ದರು.

ಮಕ್ಕಳಿದ್ದರೆ ಮೊದಲ ಮಹಾಯುದ್ಧದ ಕಾಲದ ವಿಮಾನ ತೋರಿಸಿ. ಮಹಾರಾಜಾ ಗಂಗಾ ಸಿಂಗ್‌ಗೆ ಬ್ರಿಟಿಷರು ಕೊಟ್ಟದ್ದು. ಸಂಜೆ ನಾಲ್ಕರೊಳಗೆ ಕೋಟೆಯ ಒಳಗಿರಿ, ಬೇಗ ಮುಚ್ಚುತ್ತಾರೆ.

ಗಂಗಾ ಸಿಂಗ್ ಯಾರು? ಊರ ತುಂಬ ಅದೇ ಹೆಸರು.

1887ರಲ್ಲಿ ಏಳು ವರ್ಷದ ಹುಡುಗ ಇದ್ದಾಗ ಪಟ್ಟಕ್ಕೆ ಬಂದವನು, 1943ರವರೆಗೆ ಆಳಿದ. 1919ರಲ್ಲಿ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿದ ಭಾರತೀಯ ಅವನು. ಅದಕ್ಕಿಂತ ದೊಡ್ಡ ಮಾತು ನೀರಿನದು. 1899-1900ರ ಬರವನ್ನು ಅಲ್ಲಿನವರು 'ಛಪ್ಪನಿಯಾ ಅಕಾಲ್' ಅಂತಾರೆ, ವಿಕ್ರಮ ಸಂವತ್ 1956ರಲ್ಲಿ ಬಂದದ್ದಕ್ಕೆ. ನಮ್ಮಲ್ಲಿ ಡೋಗಿ ಬರದ ಹೆಸರು ಹೇಳಿದ ಹಾಗೇ ಅಲ್ಲಿ ಇದು. ಹದಿಹರೆಯದಲ್ಲಿ ಆ ಬರ ಕಂಡವನು ಪಂಜಾಬಿನಿಂದ ಸಟ್ಲೆಜ್ ನೀರು ತರಲು ವರ್ಷಗಟ್ಟಲೆ ಗುದ್ದಾಡಿದ. 1927ರಲ್ಲಿ ಗಂಗ್ ಕಾಲುವೆ ಹರಿಯಿತು. ಆಮೇಲೆ ಬಂದದ್ದು ಇನ್ನೂ ದೊಡ್ಡ ಇಂದಿರಾ ಗಾಂಧಿ ಕಾಲುವೆ. ಇವತ್ತು ಬಿಕಾನೇರ್ ನಲ್ಲಿಯಲ್ಲಿ ಬರುವ ನೀರು ಅದರದು. ತುಂಗಭದ್ರಾ ಕಾಲುವೆಯ ಬಾಲದಲ್ಲಿ ಕೂತವರಿಗೆ ಜಾಸ್ತಿ ವಿವರಿಸಬೇಕಿಲ್ಲ.

ಅವನು ಅಪ್ಪನ ಹೆಸರಲ್ಲಿ ಕಟ್ಟಿಸಿದ ಕೆಂಪು ಕಲ್ಲಿನ ಲಾಲ್‌ಗಢ ಅರಮನೆಯನ್ನೂ ನೋಡಬಹುದು. ಒಂದು ಭಾಗ ಹೋಟೆಲು, ಒಂದು ಭಾಗ ಮ್ಯೂಸಿಯಂ. ಅನೂಪ್ ಗ್ರಂಥಾಲಯ ಇರೋದೂ ಅಲ್ಲೇ. ಅದು ಓದುವವರಿಗೆ ಇರುವ ಜಾಗ, ಸೆಲ್ಫಿಗಲ್ಲ. ಹಸ್ತಪ್ರತಿಯ ಕೆಲಸ ಇದ್ದರೆ ಮೊದಲೇ ವಿಚಾರಿಸಿ ಹೋಗಿ.

ಕಾಲುವೆ ಬರೋ ಮುಂಚೆ ನೀರಿಗೆ ಏನು ಮಾಡುತ್ತಿದ್ದರು?

ಅಲ್ಲಿನ ಹಳಬರು ನೀರನ್ನು ಮೂರು ಜಾತಿ ಮಾಡುತ್ತಾರೆ. ಮಳೆಯಿಂದ ನೇರ ಹಿಡಿದದ್ದು ಪಾಲರ್. ಆಳದ ಬಾವಿಯದು ಪಾತಾಳ್, ಬಹಳ ಕಡೆ ಸವುಳು. ಇವೆರಡರ ನಡುವಿನದು ರೇಜಾಣಿ. ಮರಳಿನ ಕೆಳಗೆ ಕೆಲವು ಕಡೆ ಜಿಪ್ಸಮ್ ಪದರ ಇದೆ. ಮಳೆ ನೀರು ಅದರ ಕೆಳಕ್ಕೆ ಇಳಿಯದೆ ಮರಳಿನಲ್ಲೇ ತೇವವಾಗಿ ನಿಲ್ಲುತ್ತದೆ. ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಸಣ್ಣ ಬಾವಿ ತೋಡಿ, ಆ ತೇವ ಹನಿಹನಿಯಾಗಿ ಕೂಡುವವರೆಗೆ ಕಾದು ಸೇದುತ್ತಿದ್ದರು. ಅದಕ್ಕೆ ಕುಂಯಿ ಅಂತಾರೆ.

ಮನೆಗಳಲ್ಲಿ ತಾಂಕಾ ಅಥವಾ ಕುಂಡ. ನೆಲದೊಳಗೆ ಗಾರೆ ಮೆತ್ತಿದ ತೊಟ್ಟಿ, ಮಾಳಿಗೆಯ ಮಳೆನೀರು ಬಂದು ಬೀಳೋದು ಅದಕ್ಕೆ. ಹಳೇ ಊರಿನ ಒಂದು ಮನೆಯ ಅಜ್ಜಿ ಅಂಗಳದ ಮುಚ್ಚಳ ತೆಗೆದು ತೋರಿಸಿದರು. ಕತ್ತಲು, ತಣ್ಣಗಿನ ಗಾಳಿ, ಕೆಳಗೆಲ್ಲೋ ನೀರಿನ ಹೊಳಪು. ಈಗ ನಲ್ಲಿ ಇದೆ, ಆದರೂ ದೇವರ ಪೂಜೆಗೆ ಇದೇ ನೀರು ಅಂದರು. ಚಪ್ಪಲಿ ಬಿಟ್ಟು ಬಗ್ಗಬೇಕಾಯಿತು.

ವಸಂತದಲ್ಲಿ ಹೋಗುವವರು ಒಂದು ಗಮನಿಸಿ: ಕಾಲುವೆ ರಿಪೇರಿಗೆ ಅಂತ ಪ್ರತಿ ವರ್ಷ ಕೆಲವು ವಾರ ನೀರು ನಿಲ್ಲಿಸುತ್ತಾರೆ. 'ನಹರ್‌ಬಂದಿ' ಅಂತ ಬೋರ್ಡ್ ನೋಡಿದರೆ ಸ್ನಾನಕ್ಕೆ ಒಂದೇ ಬಕೆಟ್ ಸಾಕು ಅಂದುಕೊಳ್ಳಿ.

ಆ ಇಲಿ ಗುಡಿ... ಹೋಗಬೇಕಾ?

ಹೋಗಿ. ಒಂದು ಸಲ ಆದರೂ.

ಊರಿಂದ ದಕ್ಷಿಣಕ್ಕೆ 30 ಕಿಲೋಮೀಟರ್, ದೇಶ್ನೋಕ್‌ನಲ್ಲಿ ಕರಣಿ ಮಾತಾ ಗುಡಿ. ಬಸ್ಸೂ ಇದೆ, ರೈಲೂ ಇದೆ. ಕರಣಿ ಮಾತಾ ಚಾರಣ ಕುಲದ ತಾಯಿ, ಬಿಕಾನೇರ್ ರಾಜಮನೆತನದ ದೇವತೆ. ಕೋಲಾಯತ್ ಕೆರೆಯಲ್ಲಿ ಮುಳುಗಿದ ಮಲಮಗನನ್ನು ಯಮನಿಂದ ವಾಪಸ್ ಕೇಳಿದಳು, ಆ ಹುಡುಗನೂ ಅವಳ ಕುಲದವರೂ ಸತ್ತ ಮೇಲೆ ಇಲಿಗಳಾಗಿ ಇಲ್ಲೇ ಹುಟ್ಟುತ್ತಾರೆ ಅನ್ನೋದು ನಂಬಿಕೆ. ಆ ಇಲಿಗಳಿಗೆ 'ಕಾಬಾ' ಅಂತ ಹೆಸರು. ಸಾವಿರಾರು ಇವೆ. ದೊಡ್ಡ ಹರಿವಾಣದ ಅಂಚಿನಲ್ಲಿ ಸಾಲಾಗಿ ಕೂತು ಹಾಲು ಕುಡಿಯುತ್ತವೆ. ಬಿಳಿ ಇಲಿ ಕಂಡರೆ ಅದೃಷ್ಟ.

ಚಪ್ಪಲಿ ಹೊರಗೇ ಬಿಡಬೇಕು. ಹಳೇ ಸಾಕ್ಸ್ ಒಯ್ಯಿರಿ, ಬಂದ ಮೇಲೆ ಬಿಸಾಕಿ. ಕಾಲೆತ್ತಿ ಹಾಕದೆ ನೆಲಕ್ಕೆ ಉಜ್ಜುತ್ತಾ ನಡೆಯಿರಿ, ಇಲ್ಲದಿದ್ದರೆ ತುಳಿಯೋ ಭಯ. ವಾಸನೆ ಇದೆ, ಮುಚ್ಚಿಡೋದು ಯಾಕೆ. ಅತ್ತೆ ಬಾಗಿಲಲ್ಲೇ ನಿಂತು, "ಏನವ್ವಾ, ಎರಡು ದಿನ ರೈಲಾಗ ಕೂತು ಇಲಿ ನೋಡಾಕ ಬಂದ್ವೇನು?" ಅಂದರು. ಕಾಲು ಗಂಟೆ ಹೊರಗಿದ್ದ ಅಮೃತಶಿಲೆಯ ಕೆತ್ತನೆ ನೋಡಿದರು. ಆಮೇಲೆ ಅದೇನನಿಸಿತೋ, ಸೆರಗು ಬಿಗಿದುಕೊಂಡು ನನ್ನ ಕೈ ಹಿಡಿದು ಒಳಗೆ ಬಂದರು. ಒಂದು ಮರಿ ಅವರ ಪಾದದ ಮೇಲಿಂದ ಓಡಿತು. ಹತ್ತಿರ ನಿಂತ ರಾಜಸ್ಥಾನದ ಅಜ್ಜಿ ಇವರ ತಲೆ ಸವರಿ ಏನೋ ಹರಸಿದರು. ಈಗ ಊರಲ್ಲಿ ಎಲ್ಲರಿಗೂ ಇದೇ ಕಥೆ ಹೇಳುತ್ತಿರುವುದು ಅತ್ತೆಯೇ.

ತುಪ್ಪದಲ್ಲಿ ಕಟ್ಟಿದ ಗುಡಿ ಅಂತಾರಲ್ಲ?

ಭಾಂಡಾಸರ್ ಜೈನ ಬಸದಿ. ಭಾಂಡಾಸಾ ಓಸ್ವಾಲ್ ಅನ್ನೋ ವ್ಯಾಪಾರಿ ಕಟ್ಟಿಸಿದ್ದು, ಐದನೇ ತೀರ್ಥಂಕರ ಸುಮತಿನಾಥನಿಗೆ. ನೀರಿಲ್ಲದ ಊರಲ್ಲಿ ಗಾರೆ ಕಲೆಸಲು 40,000 ಕಿಲೋ ತುಪ್ಪ ಸುರಿಸಿದ ಅಂತ ಕಥೆ. ಬೇಸಿಗೆಯಲ್ಲಿ ನೆಲ ಜಿಡ್ಡಾಗುತ್ತೆ ಅಂತಾರೆ. ನಾವು ಹೋದದ್ದು ಚಳಿಗಾಲ, ನೆಲ ತಣ್ಣಗೆ ಒಣಗಿತ್ತು. ಒಳಗಿನ ಕಂಬ, ಮಾಳಿಗೆಯ ಚಿತ್ರ ಬಹಳ ಚೆಂದ. ಮೂರನೇ ಅಂತಸ್ತಿನಿಂದ ಇಡೀ ಹಳೇ ಊರು ಕಾಣುತ್ತದೆ. ಪಕ್ಕದಲ್ಲೇ ಲಕ್ಷ್ಮೀನಾಥ ಗುಡಿ.

ಹಳೇ ಊರಲ್ಲಿ ಏನಿದೆ?

ನನ್ನ ಮಟ್ಟಿಗೆ ಬಿಕಾನೇರ್ ಇರೋದೇ ಅಲ್ಲಿ.

ಕೋಟ್ ಗೇಟ್‌ನಿಂದ ಶುರು ಮಾಡಿ. ಮಾರ್ಕೆಟ್ಟಿನ ನಡುವೆ ರೈಲು ಹಳಿ ಹಾದು ಹೋಗುತ್ತದೆ. ಗೇಟು ಬಿದ್ದರೆ ಆಟೋ, ಸ್ಕೂಟರು, ಒಂಟೆ ಗಾಡಿ, ಹಸು ಎಲ್ಲ ಒಟ್ಟಿಗೆ ನಿಂತುಬಿಡುತ್ತವೆ. ಆಗ ಪಕ್ಕದ ಅಂಗಡಿಯಲ್ಲಿ ಕಚೋರಿ ತಿನ್ನಿ.

ಒಳಗೆ ರಾಮ್‌ಪುರಿಯಾ ಹವೇಲಿಗಳು. ದುಲ್ಮೇರಾದ ಕೆಂಪು ಕಲ್ಲನ್ನು ಮರದ ಹಾಗೆ ಕೊರೆದಿದ್ದಾರೆ. ಕಿಟಕಿಯ ಜಾಲರಿ ನೋಡುತ್ತಾ ನನ್ನ ಕುತ್ತಿಗೆ ಹಿಡಿದುಕೊಂಡಿತು. ಈ ಸೇಟುಗಳು ದುಡಿದದ್ದು ಕಲಕತ್ತೆಯಂಥ ದೂರದ ಊರುಗಳಲ್ಲಿ, ಮನೆ ಕಟ್ಟಿದ್ದು ಇಲ್ಲಿ. ಈಗ ಬಹಳ ಮನೆಗಳಿಗೆ ಬೀಗ. ನಮ್ಮ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟ ಮಾರವಾಡಿ ಅಂಕಲ್‌ಗೆ ಫೋಟೋ ತೋರಿಸಿದೆ. ಅವರು ಹುಟ್ಟಿದ್ದೇ ಆದವಾನಿಯಲ್ಲಿ. "ನಮ್ಮ ತಾತನ ಊರು ಅಲ್ಲೇ ಹತ್ತಿರ, ನಾನೇ ನೋಡಿಲ್ಲಮ್ಮ" ಅಂದರು ಕನ್ನಡದಲ್ಲಿ.

ಸಂಜೆಯಾದ ಮೇಲೆ ಚೌಕಗಳಿಗೆ ಹೋಗಿ. ಮೋಹ್ತಾ ಚೌಕ, ಡಾಗಾ ಚೌಕ ಹೀಗೆ. ಪ್ರತಿ ಚೌಕದಲ್ಲೂ ಒಂದು ದೊಡ್ಡ ಮರದ ಮಂಚ. ಅದಕ್ಕೆ 'ಪಾಟಾ' ಅಂತಾರೆ. ಹತ್ತು ಹದಿನೈದು ಜನ ಆರಾಮಾಗಿ ಕೂರಬಹುದು. ನಮ್ಮ ಊರುಗಳ ಅಗಸೆ ಕಟ್ಟೆಯ ಹಾಗೆ, ಬರೀ ಮರದ್ದು ಅಷ್ಟೇ. ರಾತ್ರಿ ಹನ್ನೊಂದಾದರೂ ಮಾತು, ಇಸ್ಪೀಟು, ಚದುರಂಗ, ರಾಜಕೀಯ. ಕೂರೋದು ಹೆಚ್ಚಾಗಿ ಗಂಡಸರೇ, ಅದೊಂದು ನನಗೆ ಹಿಡಿಸಲಿಲ್ಲ. ಆದರೂ ನಾವು ದಾಟುವಾಗ ಒಬ್ಬ ಹಿರಿಯರು ಜರುಗಿ ಅತ್ತೆಗೆ ಜಾಗ ಕೊಟ್ಟರು, ಹುಡುಗನನ್ನು ಕಳಿಸಿ ಚಹಾ ತರಿಸಿದರು. ಹೋಳಿ ಹಿಂದಿನ ದಿನಗಳಲ್ಲಿ ಇದೇ ಚೌಕಗಳಲ್ಲಿ ರಾತ್ರಿಯಿಡೀ 'ರಮ್ಮತ್' ಆಡುತ್ತಾರೆ. ಹಾಡು, ವೇಷ, ಕುಣಿತ. ನಮ್ಮ ಬಯಲಾಟ ನೋಡಿ ಬೆಳೆದವರು ಆ ಸಮಯಕ್ಕೇ ಹೋಗಿ.

ಭಾಷೆ ತೊಂದರೆ ಆಗುತ್ತಾ?

ನಮಗಾಗೋದಿಲ್ಲ. ಆದವಾನಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬಾಯಿಗೆ ಬರುತ್ತವಲ್ಲ. ಆದರೆ ನಮ್ಮ ದಖನಿ ಹಿಂದಿ ಕೇಳಿ ಅಲ್ಲಿನವರು ನಗುತ್ತಾರೆ. ಅಂಗಡಿಯಲ್ಲಿ ನಾನು ಬೇಡ ಅನ್ನೋಕೆ "ನಕ್ಕೋ" ಅಂದದ್ದಕ್ಕೆ ಅಂಗಡಿಯವನು ಅಣ್ಣನನ್ನು ಕರೆದು ಇನ್ನೊಂದು ಸಲ ಹೇಳಿಸಿದ. ಅವರ ಮಾತು ಬಹಳ ಮೆದು. ಎಲ್ಲಕ್ಕೂ ಕೊನೆಗೆ 'ಸಾ' ಸೇರಿಸುತ್ತಾರೆ. 'ಖಮ್ಮಾ ಘಣಿ' ಅಂದರೆ ನಮಸ್ಕಾರ. ಅಷ್ಟು ಕಲಿತು ಹೋದರೆ ಬೆಲೆ ಇಳಿಯದಿದ್ದರೂ ಮುಖ ಅರಳುತ್ತದೆ.

ಊಟಕ್ಕೆ ಏನು ಸಿಗುತ್ತದೆ? ಅನ್ನ ಇಲ್ಲದೆ ಆಗಲ್ಲ.

ಅನ್ನ ಕೇಳಿದರೆ ಕೊಡುತ್ತಾರೆ, ಆದರೆ ಅವರ ಕೈ ರೊಟ್ಟಿಯದು. ಬಾಜ್ರಾ ರೋಟಿ ಅಂದರೆ ನಮ್ಮ ಸಜ್ಜೆ ರೊಟ್ಟಿಯೇ, ಸ್ವಲ್ಪ ದಪ್ಪ, ಮೇಲೆ ತುಪ್ಪ ಸುರಿಯುತ್ತಾರೆ. ಕಡಲೆಹಿಟ್ಟಿನ ಗಟ್ಟೆ ಪಲ್ಯ ಮಜ್ಜಿಗೆ ಸಾರಿನಲ್ಲಿ. ಸಸ್ಯಾಹಾರಿಗಳಿಗೆ ಯಾವ ಚಿಂತೆಯೂ ಇಲ್ಲ.

'ಕೇರ್ ಸಾಂಗ್ರಿ' ಅಂತ ಒಂದು ಪಲ್ಯ ತಪ್ಪದೆ ತಿನ್ನಿ. ಕೇರ್ ಒಂದು ಮುಳ್ಳುಪೊದೆಯ ಕಾಯಿ. ಸಾಂಗ್ರಿ ಖೇಜ್ಡಿ ಮರದ ಕಾಯಿ, ಒಣಗಿಸಿ ಇಟ್ಟುಕೊಂಡಿರುತ್ತಾರೆ, ತೆಳ್ಳಗೆ ಕಂದು ದಾರದ ಹಾಗೆ. ಹುಳಿ, ಖಾರ, ಎಣ್ಣೆಯಲ್ಲಿ ಹುರಿದರೆ ಉಪ್ಪಿನಕಾಯಿಗೂ ಪಲ್ಯಕ್ಕೂ ನಡುವಿನ ರುಚಿ. ಊಟದವನು ದಾರಿಯಂಚಿನ ಮರ ತೋರಿಸಿ ಇದೇ ಖೇಜ್ಡಿ ಅಂದ. ನೋಡಿದರೆ ನಮ್ಮ ಬನ್ನಿ ಮರ! ದಸರೆಯಲ್ಲಿ ಎಲೆ ಹಂಚಿ ಬಂಗಾರದ ಹಾಗೆ ಇರೋಣ ಅಂತೇವಲ್ಲ, ಅದು. ಕಾಯಿ ತಿನ್ನಬಹುದು ಅನ್ನೋದು ನನಗೆ ನಲವತ್ತು ವರ್ಷ ಗೊತ್ತಿರಲಿಲ್ಲ. ಬರಗಾಲದಲ್ಲಿ ಅವರ ಜೀವ ಉಳಿಸಿದ್ದೇ ಈ ಕಾಯಿ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಬಿಷ್ಣೋಯಿ ಪಂಥದ 363 ಜನ ಅಪ್ಪಿ ನಿಂತು ಪ್ರಾಣ ಕೊಟ್ಟರು. ಅವರ ಗುರು ಜಾಂಭೋಜಿಯ ಸಮಾಧಿ ಬಿಕಾನೇರ್ ಜಿಲ್ಲೆಯ ಮುಕಾಮ್‌ನಲ್ಲೇ ಇದೆ.

ಸಿಹಿಯಲ್ಲಿ ರಸಗುಲ್ಲ, ಚಳಿಗಾಲದಲ್ಲಿ ಬಿಸಿ ರಬ್ಡಿ.

ಒಂಟೆ ಸವಾರಿ?

ಇಲ್ಲಿ ನಾವು ಮೋಸ ಹೋದೆವು. ಇಳಿದುಕೊಂಡ ಕಡೆಯವರೇ ಒಬ್ಬ ಏಜೆಂಟನನ್ನು ಗೊತ್ತುಮಾಡಿ, 'ಮರಳುಗುಡ್ಡದಲ್ಲಿ ಸೂರ್ಯಾಸ್ತ' ಅಂತ ಮುಂಗಡ ತೆಗೆದುಕೊಂಡರು. ಕರೆದುಕೊಂಡು ಹೋದದ್ದು ಹೈವೇ ಹಿಂದಿನ ಒಂದು ದಿಬ್ಬಕ್ಕೆ. ಸೂರ್ಯ ಮುಳುಗಿದ್ದು ಕರೆಂಟ್ ಟವರಿನ ಹಿಂದೆ. ಅದೇ ಲಾಡ್ಜಿನಲ್ಲಿ ಬಿಸಿನೀರೂ ಬರಲಿಲ್ಲ. ಜಾಗದ ಹೆಸರು, ದೂರ, ಎಷ್ಟು ಹೊತ್ತು ಅನ್ನೋದು ಕೇಳಿಕೊಂಡೇ ದುಡ್ಡು ಕೊಡಿ.

ಒಂಟೆ ನೋಡಬೇಕೆಂದರೆ ಊರ ಹೊರಗಿನ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರಕ್ಕೆ ಹೋಗಿ. 1984ರಲ್ಲಿ ಶುರುವಾದದ್ದು. ಮಧ್ಯಾಹ್ನದ ಮೇಲೆ ಬಿಡುತ್ತಾರೆ. ಬಿಕಾನೇರಿ, ಜೈಸಲ್ಮೇರಿ, ಕಚ್ಛಿ, ಮೇವಾಡಿ ತಳಿಗಳನ್ನು ಪಕ್ಕಪಕ್ಕ ನೋಡಬಹುದು. ಒಂಟೆ ಹಾಲಿನ ಕುಲ್ಫಿ ಸಿಗುತ್ತದೆ, ನಾಲಿಗೆಗೆ ಒಂಚೂರು ಉಪ್ಪುಪ್ಪು. ಒಂಟೆ ಡುಬ್ಬದಲ್ಲಿ ನೀರಿರುತ್ತೆ ಅಂತ ನಂಬಿದ್ದ ನನ್ನ ಮಗನಿಗೆ ಅಲ್ಲಿಯವರು ಅದು ಕೊಬ್ಬು ಅಂತ ಬಿಡಿಸಿ ಹೇಳಿದರು. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಉಳಿದಿದ್ದ ಒಂಟೆ ಎರಡೂವರೆ ಲಕ್ಷ, ಏಳು ವರ್ಷದ ಹಿಂದೆ ನಾಲ್ಕು ಲಕ್ಷ ಇತ್ತು. ಟ್ರ್ಯಾಕ್ಟರು ಬಂದ ಮೇಲೆ ನಮ್ಮ ಎತ್ತುಗಳಿಗೆ ಆದದ್ದೇ.

ಜನವರಿಯಲ್ಲಿ ಒಂಟೆ ಉತ್ಸವ ನಡೆಯುತ್ತದೆ. ರೋಮವನ್ನೇ ಕತ್ತರಿಸಿ ಚಿತ್ತಾರ ಬಿಡಿಸಿದ ಒಂಟೆಗಳು, ಜಸನಾಥಿ ಸಿದ್ಧರ ಕೆಂಡದ ಕುಣಿತ. ಆಗ ರೂಮು ತುಟ್ಟಿ.

ಹಕ್ಕಿ ನೋಡುವವರಿಗೆ ಏನಾದರೂ?

ಒಂಟೆ ಕೇಂದ್ರದ ಆಚೆ ಜೋಡ್‌ಬೀಡ್. ಸತ್ತ ದನ, ಒಂಟೆಗಳನ್ನು ತಂದು ಹಾಕುವ ಬಯಲು. ಚಳಿಗಾಲದಲ್ಲಿ ಅಲ್ಲಿ ರಣಹದ್ದುಗಳ ಜಾತ್ರೆ, ಜೊತೆಗೆ ಮಧ್ಯ ಏಷ್ಯಾದಿಂದ ಬರುವ ಹುಲ್ಲುಗಾವಲು ಗಿಡುಗಗಳು. ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದ ತುಂಬ ಅವನ್ನು ಮುಗಿಸಿತು. 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು. ನಮ್ಮ ಬೆಟ್ಟದ ಮೇಲೆ ಹದ್ದುಗಳು ಸುತ್ತುತ್ತಿದ್ದವು ಅಂತ ನಮ್ಮ ಯಜಮಾನರು ಹೇಳುತ್ತಿರುತ್ತಾರೆ. ಅಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಎರಡು ತಾಸು ನಿಂತರು.

ಮಕ್ಕಳು, ವಯಸ್ಸಾದವರು, ಹೆಂಗಸರು ಒಬ್ಬರೇ ಹೋಗಬಹುದಾ?

ಹೋಗಬಹುದು. ರಾತ್ರಿ ಹತ್ತಕ್ಕೂ ಮಿಠಾಯಿ ಅಂಗಡಿ ಮುಂದೆ ಮನೆಮಂದಿ ಇರುತ್ತಾರೆ. ಒಬ್ಬರೇ ಹೋಗುವವರು ಸ್ಟೇಷನ್ ಹತ್ತಿರದ ಗಲಾಟೆ ಬಿಟ್ಟು ಸ್ವಲ್ಪ ಒಳಗೆ ರೂಮು ಮಾಡಿ. ಚಳಿಗೆ ತುಟಿ, ಹಿಮ್ಮಡಿ ಒಡೆಯುತ್ತದೆ, ಕೊಬ್ಬರಿ ಎಣ್ಣೆ ಇರಲಿ.

ಊರಿನ ಹುಟ್ಟುಹಬ್ಬಕ್ಕೆ ಗಾಳಿಪಟ ಹಾರಿಸುತ್ತಾರಂತೆ?

ಹೌದು. ಜೋಧಪುರದ ರಾವ್ ಜೋಧಾನ ಮಗ ರಾವ್ ಬೀಕಾ 1488ರಲ್ಲಿ ಊರು ಕಟ್ಟಿದ. ಸಂವತ್ 1545, ವೈಶಾಖ ಶುದ್ಧ ಬಿದಿಗೆ, ಶನಿವಾರ ಅಂತ ಅಲ್ಲಿನವರಿಗೆ ಪದ್ಯವೇ ಬಾಯಿಪಾಠ. ಆ ದಿನ ಮತ್ತು ಮರುದಿನದ ಅಕ್ಷಯ ತದಿಗೆಗೆ ಸುಡುಬಿಸಿಲಿನಲ್ಲಿ ಮಾಳಿಗೆ ಹತ್ತಿ ಪಟ ಬಿಡುತ್ತಾರೆ, ಹುಣಸೆ ಪಾನಕ ಕುಡಿಯುತ್ತಾರೆ. ಆ ಬಿಸಿಲಿಗೆ ತಡೆಯೋ ಧೈರ್ಯ ಇರೋದು ನಮ್ಮ ಕಡೆಯವರಿಗೇ.

ವಾಪಸ್ ಬರುವಾಗ ಏನು ತರಬೇಕು?

ಒಂಟೆ ಚರ್ಮದ ಮೇಲೆ ಚಿನ್ನದ ಬಣ್ಣದಲ್ಲಿ ಉಬ್ಬು ಚಿತ್ತಾರ ಮಾಡುವ ಉಸ್ತಾ ಕಲೆ ಅಲ್ಲಿಯದೇ. ಈ ಕಲೆಯ ಹಿಸಾಮುದ್ದೀನ್ ಉಸ್ತಾ ಅವರಿಗೆ 1986ರಲ್ಲಿ ಪದ್ಮಶ್ರೀ ಬಂದಿತ್ತು. ಒಳ್ಳೆಯ ಕೆಲಸಕ್ಕೆ ಬೆಲೆ ಜಾಸ್ತಿ. ನಾನು ಒಂದು ಸಣ್ಣ ಕುಂಕುಮದ ಭರಣಿ ತಂದೆ.

ಉಳಿದದ್ದು ಭುಜಿಯಾ. 1877ರ ಸುಮಾರಿಗೆ ಡೂಂಗರ್ ಸಿಂಗ್ ರಾಜನ ಕಾಲದಲ್ಲಿ ಶುರುವಾಯಿತು, 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇದು ಬರೀ ಕಡಲೆಹಿಟ್ಟಿನ ಸೇವು ಅಲ್ಲ, ಮಡಕಿ ಕಾಳಿನ ಹಿಟ್ಟು ಬೀಳಬೇಕು. ದೊಡ್ಡ ಬ್ರ್ಯಾಂಡಿನ ಪೊಟ್ಟಣ ಆದವಾನಿಯಲ್ಲೂ ಸಿಗುತ್ತದೆ, ಅದನ್ನು ಹೊತ್ತು ತರಬೇಡಿ. ಹಳೇ ಊರಲ್ಲಿ ಬೆಳಿಗ್ಗೆ ಬಾಣಲೆಯಿಂದ ತೆಗೆದು ಕಾಗದದ ಮೇಲೆ ಹರಡಿರುತ್ತಾರಲ್ಲ, ಅದನ್ನು ತೂಗಿಸಿ. ಡಬ್ಬಿಗೆ ಹಾಕಿಸಿಕೊಳ್ಳಿ. ನಾವು ಪ್ಲಾಸ್ಟಿಕ್ ಕವರಿನಲ್ಲಿ ತಂದು, ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಮೂರು ಕಿಲೋ ಪುಡಿಪುಡಿ. ಅತ್ತೆ ಅದನ್ನು ಎಸೆಯಲಿಲ್ಲ. ಒಂದು ತಿಂಗಳು ದಿನಾ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮೇಲೆ ಉದುರಿಸಿದರು, ಮಿರ್ಚಿ ಜೊತೆ.